ಬಾಣಂತನ ಮುಗಿಯಲಿ, ಕರಡಿಯೂ ಏಳಲಿ

ಪ್ರಶ್ನೆ: ಡಾಕ್ಟರೇ, ಮಗಳ ಬಾಣಂತನಕ್ಕೆಂದು ಡಿಸೆಂಬರ್ ಕೊನೆಗೆ ಅಮೆರಿಕದ ಪುಲ್‌ಮನ್‌ಗೆ ಹೊರಟಿದ್ದೇನೆ. ಮೇ ತನಕ ಅಲ್ಲೇ ಇರುತ್ತೇನೆ. ಅಳಿಯ ಓದುತ್ತಿರುವ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ ಕರಡಿ ಸಾಕಿದ್ದಾರಂತೆ. ಹೋಗಿ ನೋಡಬಹುದೇ? ಬಾಳೆಹಣ್ಣು ಗೀಳೆಹಣ್ಣು ಒಯ್ದರೆ ತಿನ್ನುತ್ತವೆಯೇ? ನಮ್ಮ ಗುಡ್ಡದ ಕರಡಿಗೆ ಹೆದರಿ ಸಂಜೆ ತೋಟದ ಕಡೆ ತಲೆ ಹಾಕದವಳಿಗೆ ಇದೇನು ಆಸೆ ಅಂತ ನಗಬೇಡಿ.
– ನಿವೃತ್ತ ಶಿಕ್ಷಕಿ, ಅರಸೀಕೆರೆ

ಉತ್ತರ: ನಗುವುದೆಲ್ಲಿ ಬಂತು ಮೇಡಂ! ಮಗಳ ಮನೆಗೆ ಹೋದಾಗ ನಾನೂ ಆ ಕರಡಿಗಳ ಬೇಲಿಯ ಹೊರಗೆ ಎರಡು ಗಂಟೆ ನಿಂತು, ಊಟ ಆರಿಸಿಬಿಟ್ಟೆ ಎಂದು ಮನೆಯವಳಿಂದ ಬೈಸಿಕೊಂಡವನು.

ನೋಡಬಹುದು, ಹೊರಬೇಲಿಯ ಈಚೆಯಿಂದ. ಆದರೆ ಹೋದ ಕೂಡಲೇ ಅಳಿಯಂದಿರನ್ನು ಎಬ್ಬಿಸಿಕೊಂಡು ಹೊರಡಬೇಡಿ. ಅವು ಗ್ರಿಜ್ಲಿ ಕರಡಿಗಳು. ನವೆಂಬರ್‌ನಲ್ಲಿ ಮಲಗಿದರೆ ಏಳುವುದು ಮಾರ್ಚ್‌ಗೆ. ನಮ್ಮ ಅರಸೀಕೆರೆ ಗುಡ್ಡದ ಕರಡಿಗೆ ಈ ಶಿಶಿರನಿದ್ರೆಯ ಅಭ್ಯಾಸವೇ ಇಲ್ಲ, ವರ್ಷವಿಡೀ ಹುತ್ತ ಕೆದಕುತ್ತಲೇ ಇರುತ್ತದೆ. ಅದರ ಮೇಲ್ದವಡೆಯಲ್ಲಿ ಮುಂದಿನ ಎರಡು ಹಲ್ಲುಗಳಿಲ್ಲ. ಆ ಸಂದಿಯಿಂದಲೇ ಗೆದ್ದಲನ್ನು ಸೊರ್ ಎಂದು ಎಳೆದುಕೊಳ್ಳುತ್ತದೆ. ಅಲ್ಲಿಯದು ಬೇರೆಯೇ ಜೀವ. ಗಂಡು 300 ಕಿಲೋ ದಾಟುವುದುಂಟು, ಭುಜದ ಮೇಲೆ ನಮ್ಮ ಹೋರಿಗಿರುವಂಥ ಡುಬ್ಬ.

ಬಾಳೆಹಣ್ಣು ಖಂಡಿತ ಬೇಡ. 1986ರಿಂದ ನಡೆಯುತ್ತಿರುವ ಸಂಶೋಧನಾ ಕೇಂದ್ರ ಅದು, ಮೃಗಾಲಯವಲ್ಲ. ಕರಡಿ ಏನು ತಿಂದಿತು, ಎಷ್ಟು ತಿಂದಿತು ಎಂಬುದೇ ಅವರ ಲೆಕ್ಕ. ಚಳಿಗಾಲಕ್ಕೆ ಮುಂಚೆ ಸಿಕ್ಕಾಪಟ್ಟೆ ಕೊಬ್ಬು ಬೆಳೆಸುತ್ತದೆ. ಮಲಗಿದಾಗ ಮೈ ಇನ್ಸುಲಿನ್‌ಗೆ ಬಗ್ಗುವುದಿಲ್ಲ. ಆದರೂ ಸಕ್ಕರೆ ಕಾಯಿಲೆ ಬರುವುದಿಲ್ಲ, ವಸಂತದಲ್ಲಿ ಎಲ್ಲ ಸರಿಹೋಗುತ್ತದೆ. ಹೇಗೆ ಎಂದು ಹುಡುಕುತ್ತಿದ್ದಾರೆ. ಬೆಳಿಗ್ಗೆ ಮಾತ್ರೆ ನುಂಗಿಯೇ ಕಾಫಿ ಕುಡಿಯುವ ನನಗೂ ಉತ್ತರ ಬೇಕಾಗಿದೆ.

ನನಗೆ ಹೊಟ್ಟೆಕಿಚ್ಚಾದದ್ದು ಇನ್ನೊಂದಕ್ಕೆ. ಮೂವತ್ತು ವರ್ಷ ದನದ ಡಾಕ್ಟರಾಗಿದ್ದೆ. ಒಂದು ಹಸುವಿನ ರಕ್ತ ತೆಗೆಯಲು ಮೂಗುದಾರ ಹಿಡಿಯಲೊಬ್ಬ, ಬಾಲ ತಿರುಚಲೊಬ್ಬ, ಬೈಯಲು ಯಜಮಾನ. ಅಲ್ಲಿ ಕರಡಿ ತಾನಾಗಿ ಬೋನಿಗೆ ಬಂದು ಹಿಂಗಾಲನ್ನು ಹೊರಗೆ ಚಾಚುತ್ತದೆ. ಒಬ್ಬರು ಮುಂದೆ ಜೇನು ನೆಕ್ಕಿಸುತ್ತಿರುತ್ತಾರೆ, ಇನ್ನೊಬ್ಬರು ಹಿಂದೆ ಸೂಜಿ ಹಾಕುತ್ತಾರೆ. ಇದನ್ನು ವಿಡಿಯೊದಲ್ಲಿ ನೋಡಿದ್ದು. ಹೊರಗೆ ನಿಂತವರಿಗೆ ಕಾಣುವುದಿಲ್ಲ.

ಅದನ್ನು ನೋಡುವಾಗ ಹಾಸನದ ಸಂತೆಯಲ್ಲಿ ಚಿಕ್ಕಂದಿನಲ್ಲಿ ಕಂಡ ಕುಣಿಯುವ ಕರಡಿ ನೆನಪಾಯಿತು. ಮೂತಿ ತೂತು ಮಾಡಿ ಹಗ್ಗ ಪೋಣಿಸಿದ್ದರು. ತೂತಿನ ಸುತ್ತ ನೊಣ. ನಾವು ಹುಡುಗರು ಚಪ್ಪಾಳೆ ಹೊಡೆದೆವು, ನಾನೂ ಹೊಡೆದೆ. ಅಂಥ ಕೊನೆಯ ಕರಡಿ ಬನ್ನೇರುಘಟ್ಟದ ರಕ್ಷಣಾ ಕೇಂದ್ರಕ್ಕೆ ಸೇರಿದ್ದು 2009ರಲ್ಲಿ. ಪುಲ್‌ಮನ್ನಿನವೂ ಕೂಡಿಟ್ಟ ಪ್ರಾಣಿಗಳೇ, ಅದನ್ನು ಮರೆಸಿ ಹೇಳಲಾರೆ. ಆದರೆ ಅವುಗಳಲ್ಲಿ ಕೆಲವು, ಕಾಡಿನಲ್ಲಿದ್ದಾಗ ಜನರ ತಂಟೆಗೆ ಬಂದು ಗುಂಡು ತಿನ್ನಬೇಕಿದ್ದವು.

ಏಪ್ರಿಲ್‌ನಲ್ಲಿ ಹೋಗಿ. ಕೂಗಬೇಡಿ, ಶಿಳ್ಳೆ ಬೇಡ, ಬೇಲಿಗೆ ಕೈಯಿಡಬೇಡಿ. ಕೆಲವು ದಿನ ಬಯಲಿಗೆ ಬಿಟ್ಟಿರುವುದಿಲ್ಲ, ಮಾರನೆಯ ದಿನ ಮತ್ತೆ ಹೋದರಾಯಿತು. ಮೊಮ್ಮಗುವನ್ನು ಎತ್ತಿಕೊಂಡು ಹೋಗುವುದಾದರೆ ಕುಲಾವಿ ಮರೆಯಬೇಡಿ. ಆ ಗೋಧಿ ಗುಡ್ಡಗಳ ಮೇಲೆ ಏಪ್ರಿಲ್‌ನಲ್ಲೂ ಕಿವಿ ಕೊರೆಯುವ ಗಾಳಿ.