ಬಸ್ಸಿನಲ್ಲಿ ಕೂಸಿಗೆ ಹಾಲು ಕುಡಿಸಿದ್ದು ತಪ್ಪಾ ಅಕ್ಕ?

ಪ್ರಶ್ನೆ: ಅಕ್ಕ, ನನಗೆ 26 ವರ್ಷ. ತವರು ಗದಗ, ಗಂಡನ ಮನೆ ಹುಬ್ಬಳ್ಳಿ. ನಾಲ್ಕು ತಿಂಗಳ ಮಗಳಿದ್ದಾಳೆ. ಕಳೆದ ತಿಂಗಳು ಬಾಣಂತನ ಮುಗಿಸಿ ಬರುವಾಗ ಬಸ್ಸು ಇನ್ನೂ ಅಣ್ಣಿಗೇರಿ ದಾಟಿರಲಿಲ್ಲ, ಕೂಸು ಅಳೋಕೆ ಶುರು ಮಾಡಿತು. ವೇಲು ಮುಚ್ಚಿಕೊಂಡು ಹಾಲು ಕುಡಿಸಿದೆ. ಪಕ್ಕದ ಸೀಟಿನ ಹಿರಿಯರೊಬ್ಬರು "ಇಷ್ಟು ಮಂದಿ ಕುಂತಾರ, ನಾಚಿಕಿ ಬ್ಯಾಡೇನು? ಮನಿಗಿ ಹೋಗಿ ಕುಡಸಾಕ ಆಗೂದಿಲ್ಲೇನು?" ಅಂದರು. ಎಲ್ಲರೂ ತಿರುಗಿ ನೋಡಿದರು. ಕೂಸನ್ನು ಎದೆಯಿಂದ ಬಿಡಿಸಿದೆ. ಹುಬ್ಬಳ್ಳಿ ಬರುವವರೆಗೂ ಅತ್ತಳು. ಜೊತೆಗಿದ್ದ ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ಮನೆಗೆ ಬಂದ ಮೇಲೆ "ಇನ್ನ ಹೊರಗ ಹೋಗಾಗ ಬಾಟ್ಲಿ ಇಟ್ಕೊ" ಅಂದರು. ಅತ್ತೆಯವರದು "ದೃಷ್ಟಿ ಆಗ್ತದ, ಮಂದಿ ಮುಂದ ಕುಡಸಬ್ಯಾಡ" ಅನ್ನುವ ಮಾತು. ಮರುದಿನ ಎದೆ ಕಲ್ಲಿನಂತೆ ಗಟ್ಟಿಯಾಗಿ ಜ್ವರ ಬಂತು. ಆಮೇಲೆ ನಾನು ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಹಾಲೂ ಕಡಿಮೆ ಆದಂತೆ ಅನಿಸುತ್ತಿದೆ. ಇನ್ನು ಹದಿನೈದು ದಿನಕ್ಕೆ ಹಾವೇರಿಯಲ್ಲಿ ಕಾಕಾನ ಮಗಳ ಮದುವೆ. ಹೋಗಲಾ, ಬೇಡ್ವಾ?
ಹೆಸರು ಬೇಡ, ಹುಬ್ಬಳ್ಳಿ

ತಂಗಿ, ಮೊದಲು ಉತ್ತರ ಹೇಳಿಬಿಡ್ತೀನಿ, ಉಳಿದದ್ದು ಆಮೇಲೆ. ನೀನು ಏನೂ ತಪ್ಪು ಮಾಡಿಲ್ಲ. ಮದುವೆಗೆ ಹೋಗು. ಮಗಳನ್ನು ಕರೆದುಕೊಂಡೇ ಹೋಗು. ಅವಳಿಗೆ ಹಸಿವಾದಾಗ ಎಲ್ಲಿದ್ದೀಯೋ ಅಲ್ಲೇ ಹಾಲು ಕುಡಿಸು.

ನಿನ್ನ ಪತ್ರ ಓದುವಾಗ ಆ ಹಿರಿಯರ ಮಾತಿಗಿಂತ ಜಾಸ್ತಿ ಸಂಕಟ ಆಗಿದ್ದು "ಕೂಸನ್ನು ಎದೆಯಿಂದ ಬಿಡಿಸಿದೆ" ಅಂತ ಬರೆದಿದ್ದೀಯಲ್ಲ, ಆ ಸಾಲಿಗೆ. ಯಾಕೆಂದರೆ ನಾನೂ ಅದನ್ನೇ ಮಾಡಿದವಳು. 1996ರಲ್ಲಿ ಧಾರವಾಡದ ಒಂದು ಕಲ್ಯಾಣಮಂಟಪದಲ್ಲಿ, ನಮ್ಮ ಬಳಗದ್ದೇ ಮದುವೆ, ಮಗನಿಗೆ ಐದು ತಿಂಗಳು. ಅವನು ಅತ್ತ, ನಾನು ಸೆರಗು ಎಳೆದುಕೊಂಡೆ, ಹಿರಿಯರೊಬ್ಬರು ಕಣ್ಣಲ್ಲೇ ಒಳಗೆ ಹೋಗು ಅಂತ ಸನ್ನೆ ಮಾಡಿದರು. ಎದ್ದು ಬಚ್ಚಲಿಗೆ ಹೋದೆ. ಕೂರೋಕೆ ಜಾಗ ಇರಲಿಲ್ಲ. ಗೋಡೆಗೆ ಒರಗಿ ನಿಂತು, ಒಂದು ಕೈಯಲ್ಲಿ ಸೀರೆಯ ನಿರಿಗೆ ನೀರಿಗೆ ತಾಗದ ಹಾಗೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಗನನ್ನು ಅವುಚಿಕೊಂಡು ಕುಡಿಸಿದೆ. ಫಿನಾಯಿಲ್ ವಾಸನೆ. ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು, ಒಂದೊಂದು ಬಡಿತಕ್ಕೂ ಮಗ ಬೆಚ್ಚಿ ಬಾಯಿ ಬಿಡುತ್ತಿದ್ದ. ಹೊಟ್ಟೆ ತುಂಬದೆಯೇ ನಿದ್ದೆ ಹೋದ. ಹೊರಗೆ ನೂರಾರು ಕುರ್ಚಿ ಇದ್ದವು ತಂಗಿ. ನಾನು ಅವತ್ತು ಎದ್ದು ಹೋಗಬಾರದಿತ್ತು.

ಮಂದಿ ಮುಂದೆ ಕುಡಿಸೋದು ಈಗಿನವರ ಚಾಳಿ ಅಂತ ಯಾರಾದರೂ ಅಂದರೆ ನಂಬಬೇಡ. ನಮ್ಮ ಅಜ್ಜಿಯರ ಖಣದ ಕುಬಸ ನೆನಪು ಮಾಡಿಕೋ. ಗಂಟು ಮುಂದೆ. ಎಡಗೈಯಲ್ಲಿ ಗಂಟು ಸಡಿಲಿಸಿ, ಬಲಗೈಯಲ್ಲಿ ಇಳಕಲ್ ಸೀರೆಯ ಸೆರಗು ಎಳೆದುಕೊಂಡರೆ ಮುಗೀತು, ಕೂಸಿನ ಕಾಲು ಬಿಟ್ಟು ಬೇರೇನೂ ಕಾಣ್ತಿರಲಿಲ್ಲ. ಹತ್ತಿ ಬಿಡಿಸೋಕೆ, ಮೆಣಸಿನಕಾಯಿ ಹರಿಯೋಕೆ ಹೋದ ಹೆಂಗಸರು ಹೊಲದ ಬದುವಿನಲ್ಲಿ, ಬೇವಿನ ಗಿಡದ ಕೆಳಗೆ ಕೂತು ಹಾಲು ಕುಡಿಸುತ್ತಿದ್ದರು, ಗಂಡಸರು ಅಲ್ಲೇ ಆಚೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಯಾರೂ ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಆಮೇಲೆ ಬೆನ್ನಿಗೆ ಹುಕ್ಕು ಬಂತು, ಚೂಡಿದಾರ ಬಂತು. ಹಾಕಿಕೊಳ್ಳೋಕೆ ಹಗುರ, ಆದರೆ ಹಾಲು ಕುಡಿಸೋಕೆ ಪೂರ್ತಿ ಮೇಲೆತ್ತಬೇಕು. ನಿನ್ನ ಕಷ್ಟದಲ್ಲಿ ಅರ್ಧ ಈ ಬಟ್ಟೆಯದು.

ಇನ್ನೊಂದು ವಿಷಯ. ಹುಬ್ಬಳ್ಳಿಯ ಜನತಾ ಬಜಾರಿಗೆ ಸಂಜೆ ಹೋಗಿ ನೋಡು. ಕಾಯಿಪಲ್ಲೆ ಮಾರುವ ತಾಯಿ ತೊಡೆ ಮೇಲೆ ಕೂಸು ಹಾಕಿಕೊಂಡು ಹಾಲು ಕುಡಿಸುತ್ತಲೇ ಮೆಂತ್ಯೆ ಸೂಡು ಎತ್ತಿ ಕೊಡ್ತಾಳೆ, ಚಿಲ್ಲರೆ ಎಣಿಸ್ತಾಳೆ. ಕೊಳ್ಳೋಕೆ ಬಂದವರು ಮೆಂತ್ಯೆ ನೋಡ್ತಾರೆ, ರೊಕ್ಕ ಕೊಟ್ಟು ಹೋಗ್ತಾರೆ. ನಾಚಿಕೆ ಇಲ್ವಾ ಅಂತ ಯಾರೂ ಕೇಳಲ್ಲ. ಅದೇ ಮಂದಿ ಬಸ್ಸಿನಲ್ಲಿ, ಮದುವೆಯಲ್ಲಿ ಚಲೋ ಮನೆತನದ ಸೊಸೆಗೆ ಮಾತ್ರ ಬುದ್ಧಿ ಹೇಳ್ತಾರೆ. ಹಾಲು ಅದೇ, ಹಸಿವೂ ಅದೇ. ಹಾಗಿದ್ದ ಮೇಲೆ ಅವರು ಕಾಪಾಡ್ತಿರೋದು ಏನನ್ನ, ನೀನೇ ಯೋಚನೆ ಮಾಡು.

ಈಗ ಮೈಯ ವಿಷಯಕ್ಕೆ ಬರ್ತೀನಿ, ಇದನ್ನು ಗಮನ ಇಟ್ಟು ಓದು. ಕೂಸು ಎಷ್ಟು ಕುಡಿಯುತ್ತೋ ಅಷ್ಟು ಹಾಲು ಮತ್ತೆ ಊರುತ್ತೆ. ಎದೆ ತುಂಬಿ ಹಾಗೇ ಉಳಿದರೆ 'ಇಷ್ಟು ಸಾಕು' ಅಂತ ಮೈ ತಾನೇ ಕಡಿಮೆ ಮಾಡುತ್ತೆ. ಅವತ್ತು ಬಸ್ಸಿನಲ್ಲಿ ತಡೆದಿದ್ದಕ್ಕೇ ಎದೆ ಕಟ್ಟಿರಬಹುದು, ಅದರ ಹಿಂದೆಯೇ ಜ್ವರ. ಮತ್ತೆ ಹಾಗಾದರೆ, ಅಥವಾ ಒಂದು ಕಡೆ ಕೆಂಪಾಗಿ ನೋವು ಬಂದರೆ, ತಡಮಾಡದೆ ಡಾಕ್ಟರ ಹತ್ತಿರ ಹೋಗು. ಆದರೆ ಆ ಕಡೆಯಿಂದ ಕುಡಿಸೋದು ನಿಲ್ಲಿಸಬೇಡ. ಹೆದರಿಕೆ, ಅವಮಾನ ಇದ್ದಾಗ ಹಾಲು ಇಳಿಯೋದು ತಡ ಆಗುತ್ತೆ, ಅದಕ್ಕೂ ಹಾಲು ಕಡಿಮೆ ಅನಿಸುತ್ತೆ. ಮಗಳು ದಿನಕ್ಕೆ ಆರು ಸಲಕ್ಕೆ ಕಡಿಮೆ ಇಲ್ಲದಂತೆ ಬಟ್ಟೆ ಒದ್ದೆ ಮಾಡ್ತಿದ್ದಾಳಾ? ಅಂಗನವಾಡಿಯಲ್ಲಿ ತೂಗಿಸಿದಾಗ ತಾಯಿ ಕಾರ್ಡಿನಲ್ಲಿ ತೂಕ ಏರ್ತಿದೆಯಾ? ಹಾಗಿದ್ದರೆ ಹಾಲು ಸಾಕಾಗ್ತಿದೆ, ಸುಮ್ನೆ ಚಿಂತೆ ಮಾಡಬೇಡ.

ಅದಕ್ಕೇ ಬಾಟಲಿ ಬೇಡ ಅಂತೀನಿ. ಒಂದು ಹೊತ್ತು ಬಾಟಲಿ ಕೊಟ್ಟರೆ ಆ ಹೊತ್ತಿನ ಹಾಲು ಎದೆಯಲ್ಲೇ ಉಳಿಯುತ್ತೆ. ಬಸ್ಸಿನಲ್ಲಿ ಕುದಿಸಿದ ನೀರು ಎಲ್ಲಿ, ತೊಳೆದ ಬಾಟಲಿ ಎಲ್ಲಿ? ಆರು ತಿಂಗಳು ತುಂಬುವವರೆಗೆ ಎದೆಹಾಲು ಬಿಟ್ಟು ನೀರೂ ಬೇಡ, ಆಮೇಲೆ ಮೇಲಿನ ಊಟದ ಜೊತೆ ಎರಡು ವರ್ಷ, ಅದಕ್ಕೂ ಮೀರಿ ಕುಡಿಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತೆ. ನಿಮ್ಮ ಮನೆಯವರು ಹಾಲಿನ ಪುಡಿ ಡಬ್ಬಿ ತಂದರೆ ಅದರ ಮೇಲೆ ಬರೆದಿರೋದನ್ನು ಅವರ ಕೈಯಲ್ಲೇ ಓದಿಸು. ತಾಯಿಯ ಹಾಲೇ ಕೂಸಿಗೆ ಶ್ರೇಷ್ಠ ಅಂತ ಡಬ್ಬಿ ಮೇಲೆ ಬರೆಯಲೇಬೇಕು, 1992ರಲ್ಲಿ ಬಂದ ಕಾನೂನು ಅದು. (ಬೇರೆ ಕಾರಣಕ್ಕೆ ಪುಡಿ ಹಾಲು ಕೊಡಬೇಕಾಗಿ ಬಂದ ತಾಯಂದಿರು ಇದನ್ನು ಓದುತ್ತಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನಿಮ್ಮ ಕೂಸಿನ ಹೊಟ್ಟೆ ತುಂಬೋದು ಮುಖ್ಯ. ನಾನು ಹೇಳ್ತಿರೋದು ಮಂದಿಗೆ ಹೆದರಿ ಬಾಟಲಿ ಹಿಡಿಯೋದರ ಬಗ್ಗೆ.)

ಕಾನೂನು ನಿನ್ನ ಕಡೆ ಇದೆ. ಹಾಲುಣಿಸುವುದು ತಾಯಿಯಿಂದ ಕಿತ್ತುಕೊಳ್ಳಲಾಗದ ಹಕ್ಕು, ಸಂವಿಧಾನದ 21ನೇ ವಿಧಿಯ ರಕ್ಷಣೆ ಅದಕ್ಕಿದೆ ಅಂತ 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಹೇಳಿದೆ. ಹಾಲು ಕುಡಿಯುವುದು ಕೂಸಿನ ಹಕ್ಕೂ ಹೌದು ಅಂತಲೂ ಹೇಳಿದೆ. 2025ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ, ಸಾರ್ವಜನಿಕ ಜಾಗದಲ್ಲಿ ಹಾಲುಣಿಸುವುದನ್ನು ಯಾರೂ ಕಳಂಕದಂತೆ ನೋಡಬಾರದು, ಹೆಣ್ಣಿನ ಘನತೆಗೆ ಕುಂದು ತರುವ ನಡವಳಿಕೆ ಬಿಡುವುದು ಪ್ರತಿಯೊಬ್ಬರ ಕರ್ತವ್ಯ ಅಂತ ನೆನಪಿಸಿತು. ಬಸ್ಸಿನಲ್ಲಿ ಇದನ್ನೆಲ್ಲ ಹೇಳ್ತಾ ಕೂರಬೇಕಿಲ್ಲ, ನಿನಗೆ ಗೊತ್ತಿದ್ದರೆ ಸಾಕು. ಆಗ ದನಿ ನಡುಗಲ್ಲ.

ನಿಮ್ಮ ಮನೆಯವರ ಹತ್ತಿರ ಇವತ್ತೇ ಮಾತಾಡು. ಜಗಳದ ದನಿಯಲ್ಲಿ ಬೇಡ. "ಅವತ್ತು ಅವರು ಅಂದಿದ್ದಕ್ಕಿಂತ ನೀವು ಸುಮ್ಮನಿದ್ದಿದ್ದು ನನಗೆ ಜಾಸ್ತಿ ನೋವಾಯ್ತು" ಅಂತ ನೇರವಾಗಿ ಹೇಳು. ಅವರು ಕೆಟ್ಟವರು ಅಂತ ನನಗೆ ಅನಿಸಲ್ಲ. ನಾಚಿಕೆ ಆಗಿರುತ್ತೆ, ಏನು ಹೇಳಬೇಕು ಅಂತ ತಿಳಿದಿರಲ್ಲ. ಹಾಗಾಗಿ ಏನು ಮಾಡಬೇಕು ಅಂತ ನೀನೇ ಹೇಳಿಕೊಡು. ಎರಡು ಸೀಟಿನ ಕಡೆ ನಿನ್ನನ್ನು ಕಿಟಕಿ ಪಕ್ಕ ಕೂರಿಸಿ ತಾವು ಈಚೆ ಕೂರಲಿ. ಯಾರಾದರೂ ಏನಾದರೂ ಅಂದರೆ "ಕೂಸಿಗೆ ಹಸಿವಾಗೇತ್ರಿ ಕಾಕಾ, ನೀವು ಆ ಕಡೆ ನೋಡ್ರಿ" ಅಂತ ಅವರೇ ಹೇಳಲಿ. ಗಂಡ ಒಂದು ಸಲ ಹೀಗೆ ಅಂದರೆ ಬಸ್ಸಿನಲ್ಲಿ ಎರಡನೇ ಮಾತು ಬರೋದು ಕಡಿಮೆ. ಅವರು ಇಲ್ಲದಾಗ ನೀನೇ ಹೇಳು, ಅದೇ ಮಾತು, ಅಷ್ಟೇ ಮೆತ್ತಗೆ. ಯಾರಾದರೂ ಮೊಬೈಲ್ ಎತ್ತಿ ಹಿಡಿದರೆ ಮಾತ್ರ ಮೆತ್ತಗೆ ಬೇಡ. ಜೋರಾಗಿ ಕಂಡಕ್ಟರನ್ನು ಕರಿ, 112ಕ್ಕೆ ಫೋನ್ ಮಾಡು.

ಅತ್ತೆಯವರ ಹತ್ತಿರ ದೃಷ್ಟಿಯ ಬಗ್ಗೆ ವಾದಕ್ಕೆ ಇಳಿಯಬೇಡ. ಅದು ಮೊಮ್ಮಗಳ ಮೇಲಿನ ಕಕ್ಕುಲಾತಿ. "ನೀವೇ ಕಾಡಿಗೆ ಬೊಟ್ಟು ಇಡ್ರಿ, ನೀವೇ ಮುಂದ ಶಾಲು ಹಿಡೀರಿ, ನಾ ಕುಡಸ್ತೀನಿ" ಅನ್ನು. ಅವರನ್ನೂ ಮದುವೆಗೆ ಕರೆದುಕೊಂಡು ಹೋಗು. ಅತ್ತೆಯೇ ಪಕ್ಕದಲ್ಲಿ ಕೂತರೆ ಬಳಗದಲ್ಲಿ ಯಾರೂ ಬಾಯಿ ತೆಗೆಯಲ್ಲ.

ಹೊರಡುವ ದಿನ ಮುಂದೆ ಹುಕ್ಕಿರುವ ಕುಬಸ, ಮೆತ್ತಗಿನ ಸೀರೆ ಉಟ್ಟುಕೋ. ಜರಿ ಸೀರೆ ಅಲ್ಲಿ ಹೋಗಿ ಉಟ್ಟರಾಯ್ತು, ಜರಿ ಕೂಸಿನ ಕೆನ್ನೆಗೆ ಚುಚ್ಚುತ್ತೆ. ಬಸ್ ಹತ್ತುವ ಮೊದಲು ಹೊಟ್ಟೆ ತುಂಬಾ ಕುಡಿಸು. ನಿಲ್ದಾಣದಲ್ಲಿ ಹಾಲುಣಿಸುವ ಕೋಣೆ ಇದ್ದರೆ ಬಳಸಿಕೋ, ಕೀಲಿ ಹಾಕಿದ್ದರೆ ಕಂಟ್ರೋಲರಿಗೆ ಹೇಳಿ ತೆಗೆಸು. ಕೋಣೆ ಇದೆ ಅಂತ ಅಲ್ಲಿಗೇ ಹೋಗಬೇಕು ಅಂತೇನೂ ಇಲ್ಲ, ಬೆಂಚಿನ ಮೇಲೂ ಕೂತು ಕುಡಿಸಬಹುದು. ಹಾದಿಯಲ್ಲಿ ಅವಳು ಅಳುವವರೆಗೂ ಕಾಯಬೇಡ. ಬಾಯಿ ಚಪ್ಪರಿಸೋದು, ಮುಷ್ಟಿ ಬಾಯಿಗೆ ಹಾಕಿಕೊಳ್ಳೋದು, ಮುಖ ಎದೆಗೆ ಉಜ್ಜೋದು ಶುರುವಾದ ಕೂಡಲೇ ಸೆರಗಿನೊಳಗೆ ತಗೋ. ಹಾಗೆ ಮಾಡಿದರೆ ಪಕ್ಕದವರಿಗೆ ಗೊತ್ತೂ ಆಗಲ್ಲ. ಸೆರಗು ಬೇಕು ಅನಿಸಿದರೆ ಹಾಕಿಕೋ, ಬೇಸಿಗೆ ಸೆಕೆಗೆ ಅವಳು ಕಿತ್ತೆಸೆದರೆ ಎಸೆಯಲಿ ಬಿಡು.

ಮಂಟಪದಲ್ಲಿ ಬಚ್ಚಲ ಕಡೆ ಮಾತ್ರ ಹೋಗಬೇಡ. ಫ್ಯಾನಿನ ಕೆಳಗೆ, ಬೆನ್ನಿಗೆ ಆಸರೆ ಇರುವ ಕುರ್ಚಿ ನೋಡಿ ಕೂತ್ಕೋ. ಅವಳು ಕುಡಿದು ತೇಗಿದ ಮೇಲೆ ಅತ್ತೆಯ ಕೈಗೆ ಕೊಟ್ಟು ಮೊದಲ ಪಂಕ್ತಿಗೇ ಊಟಕ್ಕೆ ಕೂರು. ಹಾಲು ಕುಡಿಸುವವಳಿಗೆ ಹಸಿವು ಜಾಸ್ತಿ, ಇನ್ನೊಂದು ಹೋಳಿಗೆ ಹಾಕಿಸಿಕೋ. ಹೋಗಿ ಬಂದು ನನಗೆ ಬರಿ.