ಕಾರ್ಡೀಲಿಯಾಳದು ಹಟವೇ?

ಪ್ರಶ್ನೆ: ವಿಜಯಪುರದ ನಮ್ಮ ಓದುಗರ ಬಳಗದಲ್ಲಿ ಶೇಕ್ಸ್‌ಪಿಯರನ ‘ಕಿಂಗ್ ಲಿಯರ್’ ಓದಿದೆವು. ಮುಪ್ಪಿನ ತಂದೆ ಲಿಯರ್ ರಾಜನ ಸಮಾಧಾನಕ್ಕಾದರೂ ಕಿರಿಮಗಳು ಕಾರ್ಡೀಲಿಯಾ ಎರಡು ಸಿಹಿ ಮಾತು ಆಡಬಾರದಿತ್ತೇ?

ಉತ್ತರ: ಅವಳಲ್ಲಿ ಹಟದ ಎಳೆಯೊಂದಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಎಷ್ಟಾದರೂ ಅವಳು ಲಿಯರನ ಮಗಳು. ಆದರೆ ಲಿಯರ್ ತನ್ನ ಮೂವರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಲು ಹೊರಟು, ನನ್ನನ್ನು ಯಾರು ಹೆಚ್ಚು ಪ್ರೀತಿಸುತ್ತೀರಿ ಎಂದು ಕೇಳಿದ ಅಂದು ಆಸ್ಥಾನದಲ್ಲಿ ಪ್ರೀತಿಯ ಮಾತೇ ರಾಜ್ಯದ ಪಾಲಿಗೆ ಕಟ್ಟುವ ಬೆಲೆಯಾಗಿತ್ತು. ಹಿರಿಮಗಳು ಗಾನರಿಲ್ ತನ್ನ ಪ್ರೀತಿ ಕಣ್ಣಿನ ದೃಷ್ಟಿಗೂ ಸ್ವಾತಂತ್ರ್ಯಕ್ಕೂ ಮಿಗಿಲೆಂದರೆ, ಎರಡನೆಯವಳು ರೀಗನ್ ಅದೂ ಸಾಲದೆಂದು ಏರಿಸುತ್ತಾಳೆ. ಈ ಹರಾಜಿನ ನಡುವೆ ‘ಏನೂ ಇಲ್ಲ’ ಎಂದ ಕಾರ್ಡೀಲಿಯಾ, ಬಳಿಕ ತನ್ನ ಪ್ರೀತಿ ‘ಬಾಂಡ್‌’ಗೆ ತಕ್ಕಷ್ಟು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ ಎನ್ನುತ್ತಾಳೆ. ಆ ಪದವನ್ನು ಕರಾರು ಎಂದು ಓದಿದರೆ ಅವಳ ಮಾತು ತಣ್ಣಗೆನಿಸುತ್ತದೆ. ನಮ್ಮ ‘ಋಣ’ ಎಂದು ಓದಿ ನೋಡಿ, ಹೆತ್ತು, ಸಾಕಿ, ಪ್ರೀತಿಸಿದ ತಂದೆಗೆ ಸಲ್ಲಬೇಕಾದುದೆಲ್ಲ ಅದರೊಳಗಿದೆ.

ನಿಮ್ಮ ಬಳಗ ನಾಲ್ಕನೆಯ ಅಂಕದ ಕೊನೆಯ ದೃಶ್ಯವನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಲಿ ಎಂಬುದು ನನ್ನ ವಿನಂತಿ. ಹುಚ್ಚಿನಿಂದ ಎಚ್ಚೆತ್ತ ಲಿಯರ್, ನನ್ನನ್ನು ದ್ವೇಷಿಸಲು ನಿನಗೆ ಕಾರಣವಿದೆ ಎಂದಾಗ, ಅಂದಿನ ಆ ಉತ್ತರಕ್ಕಾಗಿ ಅವನಿಂದಲೇ ಬರಿಗೈಯಲ್ಲಿ ಹೊರದೂಡಿಸಿಕೊಂಡಿದ್ದ ಆ ಮಗಳು ಕಾರಣವೇ ಇಲ್ಲವೆಂದು ಎರಡು ಬಾರಿ ಹೇಳುತ್ತಾಳೆ, ಅಷ್ಟೇ.