ಹಿತ್ತಲಲ್ಲಿ ಚಿಟ್ಟೆ ಉಳಿಯಬೇಕಾದರೆ ಎಲೆ ತಿನ್ನಲು ಬಿಡಿ

ಹಿತ್ತಲ ತುಂಬ ಹೂಗಿಡ ಹಾಕಿದ್ದೀರಿ, ಆದರೂ ಚಿಟ್ಟೆಗಳು ಹೀಗೆ ಬಂದು ಹಾಗೆ ಹೋಗುತ್ತವೆ, ಇನ್ಯಾವ ಗಿಡ ನೆಡಲಿ ಅಂತ ಕೇಳಿದ್ದೀರಿ.

ಹೂವಿನಲ್ಲಿ ಚಿಟ್ಟೆಗೆ ಸಿಗುವುದು ಊಟ ಮಾತ್ರ. ಮೊಟ್ಟೆ ಇಡಲು ಬೇರೆಯೇ ಗಿಡ ಬೇಕು. ಮರಿಹುಳು ಯಾವ ಎಲೆ ತಿನ್ನುತ್ತದೋ ಆ ಗಿಡವನ್ನೇ ಹುಡುಕಿ ಚಿಟ್ಟೆ ಮೊಟ್ಟೆ ಇಡುತ್ತದೆ. ಲಂಟಾನ ಹೂವಿಗೆ ಚಿಟ್ಟೆ ಮುತ್ತುತ್ತವೆ, ನಿಜ. ಆದರೆ ಅದು ಅಮೆರಿಕ ಖಂಡದಿಂದ ಬಂದ ಗಿಡ, ಬಂಡೀಪುರದ ಕಾಡಿನೊಳಗೆ ಹಬ್ಬಿ ಹುಲ್ಲಿಗೇ ಜಾಗ ಇಲ್ಲದಂತೆ ಮಾಡಿದೆ. ದಯವಿಟ್ಟು ನೆಡಬೇಡಿ.

ಮೊದಲು ಒಂದು ನಿಂಬೆ, ಒಂದು ಕರಿಬೇವು ಹಾಕಿ. ನಮ್ಮ ನಿಂಬೆ ಗಿಡದಲ್ಲಿ ನಾನು ನೋಡುವುದನ್ನು ಹೇಳುತ್ತೇನೆ. ಹೆಣ್ಣು ಚಿಟ್ಟೆ ಚಿಗುರಿನ ಮೇಲೆ ಕೂತು ಮುಂಗಾಲಿನಿಂದ ಎಲೆ ತಟ್ಟಿ ರುಚಿ ನೋಡುತ್ತದೆ. ಒಪ್ಪಿಗೆಯಾದರೆ ಸಾಸಿವೆಯಷ್ಟು ಸಣ್ಣ ಮೊಟ್ಟೆ ಇಟ್ಟು ಹಾರುತ್ತದೆ. ಮರಿಹುಳು ಮೊದಮೊದಲು ಥೇಟ್ ಹಕ್ಕಿ ಹಿಕ್ಕೆಯ ಹಾಗೆ ಇರುತ್ತದೆ, ಹಕ್ಕಿಗಳು ಮೂಸಿಯೂ ನೋಡುವುದಿಲ್ಲ. ದೊಡ್ಡದಾದಾಗ ಹಸಿರಾಗುತ್ತದೆ. ಆಗ ಸುಮ್ನೆ ಒಂದು ಕಡ್ಡಿಯಿಂದ ಮುಟ್ಟಿ, ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಗೆ ಚಾಚುತ್ತದೆ. ಜೊತೆಗೆ ಘಾಟು ವಾಸನೆ! ಎಷ್ಟು ನೋಡಿದರೂ ನನಗೆ ಸಾಕಾಗುವುದಿಲ್ಲ.

ಬೇಲಿ ಪಕ್ಕ ಎಕ್ಕ ಇದ್ದರೆ ಕೀಳಬೇಡಿ. ಪ್ಲೇನ್ ಟೈಗರ್ ಚಿಟ್ಟೆಯ ಹುಳು ಅದರ ಎಲೆ ತಿಂದು ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಎಕ್ಕದ ಹಾಲು ಮಾತ್ರ ಕಣ್ಣಿಗೆ ತಾಗಬಾರದು. ಮಲೆನಾಡಿನ ಕಡೆಯವರಾದರೆ ಈಶ್ವರಿ ಬಳ್ಳಿ ಹಬ್ಬಿಸಿ. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈ ಬಳ್ಳಿ ಮತ್ತು ಇದರ ಕುಟುಂಬದ ಗಿಡಗಳಲ್ಲಿ. ಬಳ್ಳಿ ವಿಷ, ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿ.

ಎಲೆ ತೂತಾಯಿತು ಅಂತ ಔಷಧಿ ಹೊಡೆಯಬೇಡಿ, ಬೇವಿನ ಎಣ್ಣೆ ಕೂಡ ಬೇಡ. ಸೂರಕ್ಕಿ ತಾನು ಮಕರಂದ ಕುಡಿದರೂ ಮರಿಗೆ ತಂದು ಕೊಡುವುದು ಹುಳು, ಜೇಡಗಳನ್ನೇ. ಹುಳು ಇಲ್ಲದ ಹಿತ್ತಲಲ್ಲಿ ಅದು ಮರಿ ಸಾಕುವುದಾದರೂ ಹೇಗೆ, ಅಲ್ವಾ? ಗಿಡ ಚಿಕ್ಕದಿದ್ದಾಗ ಹುಳು ಜಾಸ್ತಿಯಾದರೆ ಒಂದೆರಡನ್ನು ಬೇರೆ ನಿಂಬೆ ಗಿಡಕ್ಕೆ ಬಿಡಿ. ಬೇರು ಗಟ್ಟಿಯಾದ ಗಿಡ ಮತ್ತೆ ಚಿಗುರುತ್ತದೆ.

ಮುಂಗಾರು ಶುರುವಾದಾಗ ನೆಡಿ, ಬೇಗ ಹಿಡಿಯುತ್ತದೆ. ನಿಮ್ಮದು ಯಾವ ಊರು ಅಂತ ತಿಳಿಸಿದರೆ ಅಲ್ಲಿನ ಮಣ್ಣಿಗೆ ಹೊಂದುವ ಇನ್ನಷ್ಟು ಗಿಡ ಹೇಳುತ್ತೇನೆ.